ದೊಡ್ಡಪತ್ರೆ: ಘಮ ಕೆಡದಂತೆ ಬಳಸುವ ಬಗೆ

ಮಳೆಗಾಲ ಹಿಡಿಯಿತೆಂದರೆ ಮನೆಯಲ್ಲಿ ಒಬ್ಬರಿಗಾದರೂ ನೆಗಡಿ, ಗಂಟಲು ಕೆರೆತ ತಪ್ಪಿದ್ದಲ್ಲ. ಆಗ ಹಿತ್ತಿಲಲ್ಲಿ ಮೊದಲು ಹುಡುಕುವುದು ದೊಡ್ಡಪತ್ರೆಯನ್ನು. ಕರಾವಳಿಯವರಿಗೆ ಇದು ಸಾಂಬ್ರಾಣಿ ಸೊಪ್ಪು. ತುಳಸಿ, ಪುದೀನ, ಕಾಮಕಸ್ತೂರಿ, ತುಂಬೆ ಎಲ್ಲವೂ ಇದರ ಬಂಧುಗಳೇ. ಸಸ್ಯಶಾಸ್ತ್ರ ಇವನ್ನೆಲ್ಲ ಪುದೀನ ಕುಟುಂಬಕ್ಕೆ (ಲೇಮಿಯೇಸಿ) ಸೇರಿಸುತ್ತದೆ.

ಈ ಕುಟುಂಬದ ಹಲವು ಗಿಡಗಳ ಗುಣ ಅಡಗಿರುವುದು ಎಲೆಯ ಸೂಕ್ಷ್ಮ ಗ್ರಂಥಿಗಳಲ್ಲಿರುವ ಸುಗಂಧ ತೈಲದಲ್ಲಿ. ತುಳಸಿಯ ತೈಲದಲ್ಲಿ ಯೂಜಿನಾಲ್ ಇದ್ದರೆ, ದೊಡ್ಡಪತ್ರೆಯದರಲ್ಲಿ ಕಾರ್ವಾಕ್ರಾಲ್ ಮತ್ತು ಥೈಮಾಲ್ ಇವೆ. ಓಮಕ್ಕೆ ವಾಸನೆ ಕೊಡುವುದೂ ಇದೇ ಥೈಮಾಲ್. ಪ್ರಯೋಗಾಲಯದಲ್ಲಿ ಇವು ಸೂಕ್ಷ್ಮಾಣುಗಳನ್ನು ತಡೆಯುತ್ತವೆ; ಹಾಗೆಂದು ಎಲೆ ತಿಂದರೆ ಸೋಂಕು ವಾಸಿಯಾಗುತ್ತದೆ ಎನ್ನಲಾಗದು. ಈ ತೈಲ ಬಿಸಿಗೆ ಬೇಗ ಹಾರಿಹೋಗುತ್ತದೆ. ಎಲೆಯನ್ನು ಗಂಟೆಗಟ್ಟಲೆ ಕುದಿಸಿದರೆ ಘಮ ಅಡುಗೆಮನೆಗೆ, ಚರಟ ಲೋಟಕ್ಕೆ!

ನೆಡುವುದು

1. ಬಲಿತ ಟೊಂಗೆಯಿಂದ 4–5 ಇಂಚಿನ ತುಂಡು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆಯಿರಿ.
2. ಮಣ್ಣು, ಮರಳು, ಗೊಬ್ಬರ ಬೆರೆಸಿದ ಕುಂಡದಲ್ಲಿ ಊರಿ. ಕುಂಡದ ತಳದಲ್ಲಿ ನೀರು ಬಸಿಯುವ ತೂತು ಇರಲಿ.
3. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ನೀರು ನಿಂತರೆ ಬುಡ ಕೊಳೆಯುತ್ತದೆ.
4. ಬೇರು ಬಿಟ್ಟು ಚಿಗುರಿದ ಮೇಲೆ ಕುಡಿ ಚಿವುಟುತ್ತಿರಿ, ಗಿಡ ಪೊದೆಯಾಗುತ್ತದೆ.

ಗಂಟಲಿಗೆ ಬಿಸಿನೀರು

1. ತೊಳೆದ 3–4 ಎಲೆಗಳನ್ನು ಹರಿದು ಲೋಟಕ್ಕೆ ಹಾಕಿ.
2. ಕುದಿದ ನೀರು ಸುರಿದು, ತಕ್ಷಣ ಮುಚ್ಚಳ ಮುಚ್ಚಿ 5–7 ನಿಮಿಷ ಬಿಡಿ.
3. ಸೋಸಿ, ಉಗುರುಬೆಚ್ಚಗಾದ ಮೇಲೆ ಜೇನು ಬೆರೆಸಿ ಗುಟುಕರಿಸಿ.

ಊಟಕ್ಕೆ ತಂಬುಳಿ

1. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, 4–5 ಕಾಳುಮೆಣಸು ಹುರಿಯಿರಿ.
2. 10–12 ಎಲೆ ಹಾಕಿ, ಬಾಡಿದೊಡನೆ ಒಲೆ ಆರಿಸಿ. ಕಪ್ಪಾಗುವಷ್ಟು ಹುರಿಯಬೇಡಿ.
3. ಆರಿದ ಮೇಲೆ ಕಾಲು ಬಟ್ಟಲು ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ.
4. ಮಜ್ಜಿಗೆ, ಉಪ್ಪು ಬೆರೆಸಿ ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಕುದಿಸುವುದು ಬೇಡ.

ಎಚ್ಚರ

* ಒಂದು ವರ್ಷದೊಳಗಿನ ಕೂಸಿಗೆ ಜೇನು ಸಲ್ಲದು. ನೆಗಡಿಗೆಂದು ಎರಡು ವರ್ಷದೊಳಗಿನವರಿಗೆ ಮೆಂಥಾಲ್ ಮುಲಾಮು ಹಚ್ಚಬೇಡಿ.
* ಅಂಗಡಿಯಲ್ಲಿ ಸಿಗುವ ಸಾಂದ್ರ ತೈಲವನ್ನು ಕುಡಿಯಬೇಡಿ. ಎಲೆಯಲ್ಲಿರುವ ತೈಲದ ಪ್ರಮಾಣವೇ ಬೇರೆ, ಸಾಂದ್ರ ತೈಲದ ತೀಕ್ಷ್ಣತೆಯೇ ಬೇರೆ.
* ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಸೊಪ್ಪನ್ನು ಔಷಧವಾಗಿ ನಿತ್ಯ ಬಳಸುವ ಮೊದಲು ವೈದ್ಯರನ್ನು ಕೇಳಿ.
* ಉಸಿರಾಟ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ ಮೂರು ದಿನ ದಾಟಿದರೆ ಅಥವಾ ಕೆಮ್ಮು ಎರಡು ವಾರ ಕಳೆದರೂ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ.