ಕೊಲ್ಲಿಯ ಮುತ್ತು ಮತ್ತು ಲೇಸರಿನ ಸಾಕ್ಷ್ಯ

ಕತಾರಿನ ವಾಯವ್ಯ ಕರಾವಳಿಯ ಅಲ್ ಜುಬಾರಾ 18ನೇ ಶತಮಾನದಲ್ಲಿ ಮುತ್ತಿನ ವ್ಯಾಪಾರದಿಂದ ಬೆಳೆದ ಪಟ್ಟಣ. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಂಥ ಕಡಲಿನ ಮುತ್ತನ್ನು ಸಿಹಿನೀರಿನ ಮುತ್ತಿನಿಂದ ಬೇರ್ಪಡಿಸಲು ಕಣ್ಣಿಗಿಂತ ರಾಸಾಯನಿಕ ವಿಶ್ಲೇಷಣೆಯೇ ನಂಬಿಕಸ್ತ. ಎರಡೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆದರೂ ಸಿಹಿನೀರಿನದರಲ್ಲಿ ಮ್ಯಾಂಗನೀಸ್ ಹೆಚ್ಚು, ಕಡಲಿನದರಲ್ಲಿ ಸ್ಟ್ರಾನ್ಷಿಯಂ ಹೆಚ್ಚು. ಈ ಅತ್ಯಲ್ಪ ಧಾತುಗಳನ್ನು ಅಳೆಯಲು ಮುತ್ತನ್ನು ಆಮ್ಲದಲ್ಲಿ ಕರಗಿಸಬೇಕಿಲ್ಲ. ಲೇಸರ್ ಮೇಲ್ಮೈಯಿಂದ ಸೂಕ್ಷ್ಮ ಕಣಗಳನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಹೀಲಿಯಂ ಅನಿಲ ಅವನ್ನು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾಕ್ಕೆ ಒಯ್ಯುತ್ತದೆ. ಅಲ್ಲಿ ಹುಟ್ಟುವ ಅಯಾನುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ದ್ರವ್ಯರಾಶಿ ಮತ್ತು ವಿದ್ಯುದಾವೇಶದ ಅನುಪಾತದಂತೆ ವಿಂಗಡಿಸಿ ಎಣಿಸುತ್ತದೆ. ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಈ ಸರಣಿಯನ್ನೇ ನೆನಪಿಡಬೇಕು.

ಮುತ್ತಿಗೆ ಗಾಯವಾಗುತ್ತದಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಕುಳಿಯ ಅಗಲ ಸಾಮಾನ್ಯವಾಗಿ ಹತ್ತಾರು ಮೈಕ್ರೋಮೀಟರ್. ದಾರ ಪೋಣಿಸುವ ರಂಧ್ರದ ಅಂಚಿನಲ್ಲಿ ಮಾಡಿದರೆ ಕಾಣದು. ಗಾಯವೇ ಮಾಡದ ಎಕ್ಸ್-ರೇ ಪ್ರತಿದೀಪ್ತಿ ಸಾಲದೇ? ಮ್ಯಾಂಗನೀಸ್, ಸ್ಟ್ರಾನ್ಷಿಯಂಗೆ ಹಲವು ಬಾರಿ ಸಾಕು. ಲಿಥಿಯಂನಂಥ ಹಗುರ ಧಾತು ಅದಕ್ಕೆ ಎಟುಕದು, ಲೇಸರ್ ವಿಧಾನಕ್ಕೆ ಎಟುಕುತ್ತದೆ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ ಮಾನಕದ್ದು: ಅಳತೆಗೆ ಮಾನಕವಾಗಿ ಬಳಸುವ ಗಾಜು ಆವಿಯಾಗುವ ರೀತಿ ಬೇರೆ, ಮುತ್ತಿನ ಕಾರ್ಬೊನೇಟಿನದು ಬೇರೆ. ಹಾಗಾಗಿ ಕಾರ್ಬೊನೇಟ್ ಮಾನಕವನ್ನೂ ಬಳಸಿ, ಕ್ಯಾಲ್ಸಿಯಂ ಅನ್ನು ಆಂತರಿಕ ಮಾನಕವಾಗಿ ಹಿಡಿದ ಫಲಿತಾಂಶವನ್ನು ನಾನು ಹೆಚ್ಚು ನಂಬುತ್ತೇನೆ. ಅಭ್ಯರ್ಥಿಗಳು ಎಡವುವುದು ಇಲ್ಲಿ: ಈ ವಿಧಾನ ಹೇಳುವುದು ಮುತ್ತು ಬೆಳೆದ ನೀರನ್ನು. ಅದು ಸಹಜವೋ ಕೃಷಿಯದೋ ಎಂಬುದಕ್ಕೆ ಒಳರಚನೆ ತೋರಿಸುವ ಎಕ್ಸ್-ರೇ ಚಿತ್ರವೇ ಮುಖ್ಯ ಆಧಾರ.