ಹಳೆ ಲಾರಿಯ ಎಂಜಿನ್: ಯಾವುದನ್ನು ಉಳಿಸೋಣ, ಯಾವುದನ್ನು ಬಿಡೋಣ?

ಮಂಗಳೂರು ಲಾರಿಗಳ ಊರು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಉಂಟು. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಹಡಗಿನಲ್ಲಿ ಬಂದ ಸರಕು ಲಾರಿ ಏರುತ್ತದೆ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನದ ಕಡೆ ಹೋಗುತ್ತದೆ.

ನಮ್ಮ ದೇಶದಲ್ಲಿ ಟಾಟಾದವರು 1954ರಲ್ಲಿ ಜೆಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ತೊಡಗಿದರು. ಜರ್ಮನಿಯ ಬೆಂಜ್ ಕಂಪೆನಿ ಅವರಿಗೆ ಜೊತೆಯಾಗಿತ್ತು. ಆಮೇಲೆ ಬಂದ ಟಾಟಾ 697 ಎಂಬ ಎಂಜಿನ್ ಬಹಳ ಹೆಸರು ಮಾಡಿತು. ಅದರಲ್ಲಿ 6 ಸಿಲಿಂಡರ್. ಒಂದೊಂದು ಬೋರಿನ ಅಗಲ 97 ಮಿಲಿಮೀಟರ್.

ಇಂಥ ಎಂಜಿನ್ ಒಂದೇ ಸಲ ಸಾಯುವುದಿಲ್ಲ. ಸವೆಯುತ್ತದೆ. ಬಿಚ್ಚಿ, ಕೆಲಸ ಮಾಡಿ ಮತ್ತೆ ಓಡಿಸಬಹುದು. ಆದರೆ ಬಿಚ್ಚಿದಾಗ ಒಂದು ಪ್ರಶ್ನೆ ಏಳುತ್ತದೆ. ಒಳಗಿನ ಹಳೆ ಸಾಮಾನು ಮತ್ತೆ ಹಾಕಬಹುದೇ? ಈ ಪಾಠದಲ್ಲಿ ನಾವು ಅದನ್ನೇ ತಿಳಿಯೋಣ.

ಸವೆತ ಎಲ್ಲಿ ಆಗ್ತದೆ?

ಪಿಸ್ಟನ್ ಬೋರಿನೊಳಗೆ ಮೇಲೆ ಕೆಳಗೆ ಓಡುತ್ತದೆ. ಪಿಸ್ಟನ್ನಿಗೆ ರಿಂಗ್ ಇರುತ್ತದೆ. ರಿಂಗ್ ಗಾಳಿಯನ್ನು ಕೆಳಗೆ ಬಿಡುವುದಿಲ್ಲ. ಆಯಿಲನ್ನು ಮೇಲೆ ಬಿಡುವುದಿಲ್ಲ.

ಬೋರು ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ಮೇಲ್ಭಾಗದಲ್ಲಿ ಹೆಚ್ಚು ಸವೆಯುತ್ತದೆ. ಯಾಕೆ? ಡೀಸೆಲ್ ಉರಿಯುವುದು ಅಲ್ಲೇ. ಬಿಸಿ ಹೆಚ್ಚು, ಒತ್ತಡ ಹೆಚ್ಚು. ಮೇಲಿನ ರಿಂಗ್ ಅಲ್ಲಿ ಒಂದು ಕ್ಷಣ ನಿಂತು ತಿರುಗುತ್ತದೆ. ಆಗ ಆಯಿಲಿನ ಪದರ ತೆಳ್ಳಗಾಗುತ್ತದೆ. ಹಳೆ ಬೋರಿನ ಮೇಲ್ಭಾಗಕ್ಕೆ ಉಗುರು ತಾಗಿಸಿ ನೋಡಿ. ಒಂದು ಮೆಟ್ಟಿಲು ಸಿಗುತ್ತದೆ. ಅದೇ ಸವೆತದ ಗುರುತು.

ಗ್ಯಾರೇಜಿನ ಮಾತು

ಗ್ಯಾರೇಜುಗಳಲ್ಲಿ ಇಂಥ ಮಾತು ಕೇಳಿ ಬರುತ್ತದೆ:

"ಮೇಸ್ತ್ರಿ, ಬೋರು ಹಾಗೇ ಇರ್ಲಿ. ಬರೀ ರಿಂಗ್ ಹಾಕಿ ಕೊಡಿ ಮಾರಾಯ್ರೆ. ಕೈಯಲ್ಲಿ ದುಡ್ಡಿಲ್ಲ."

"ಹಾಕ್ಬಹುದು ಧಣಿ. ಆದ್ರೆ ಅಳತೆ ನೋಡದೆ ಹಾಕಿದ್ರೆ ನಿಮ್ಮ ದುಡ್ಡೇ ಹೋಗುದು. ಮೊದ್ಲು ಅಳೀವ."

ಮೇಸ್ತ್ರಿ ಹೇಳಿದ್ದು ಸರಿ. ಮಾಲೀಕರ ಕಷ್ಟವೂ ಸುಳ್ಳಲ್ಲ. ಹಳೆ ಲಾರಿ ಎಂದರೆ ಒಂದು ಮನೆಯ ಅನ್ನ. ಅದರ ಮೇಲೆ ಸಾಲವೂ ಇರಬಹುದು. ಹಾಗಾಗಿ ಒಳ್ಳೆಯ ಸಾಮಾನನ್ನು ಎಸೆಯಬಾರದು. ಕೆಟ್ಟದ್ದನ್ನು ಒಳಗೆ ಇಡಲೂಬಾರದು. ಎರಡಕ್ಕೂ ದಾರಿ ಒಂದೇ. ಅಳತೆ.

ಒಂದು ಲೆಕ್ಕ ಮಾಡೋಣ

ಒಂದು ಮಿಲಿಮೀಟರನ್ನು 100 ಪಾಲು ಮಾಡಿ. ಅಂಥ 20 ಪಾಲು ಬೋರು ಸವೆದಿದೆ ಎಂದು ಇಟ್ಟುಕೊಳ್ಳಿ. ಅಂದರೆ 0.20 ಮಿಲಿಮೀಟರ್. 97 ಇದ್ದದ್ದು 97.20 ಆಯಿತು. ಕಣ್ಣಿಗೆ ಇದು ಕಾಣುವುದಿಲ್ಲ.

ಈಗ ಹೊಸ ರಿಂಗ್ ಹಾಕಿದರೆ ಏನಾಗ್ತದೆ? ರಿಂಗಿನ ಎರಡು ತುದಿಗಳ ನಡುವೆ ಒಂದು ಸಂದು ಇರುತ್ತದೆ. ಬೋರಿನ ಅಗಲ ಹೆಚ್ಚಿದರೆ ಸುತ್ತಳತೆ ಹೆಚ್ಚುತ್ತದೆ. ಸುತ್ತಳತೆ ಹೆಚ್ಚುವುದು 3.14 ಪಟ್ಟು.

0.20 × 3.14 = 0.63 (ಸುಮಾರು)

ಹೊಸ ಬೋರಿನಲ್ಲಿ ಸಂದು 0.40 ಇತ್ತು ಎನ್ನೋಣ. ಸವೆದ ಜಾಗದಲ್ಲಿ ಅದು 1.03 ಆಗುತ್ತದೆ. ಸಂದು ಎರಡೂವರೆ ಪಟ್ಟು ದೊಡ್ಡದಾಯಿತು! ಅದರಲ್ಲಿ ಗಾಳಿ ಕೆಳಗೆ ನುಗ್ಗುತ್ತದೆ. ಆಯಿಲ್ ಮೇಲೆ ಬರುತ್ತದೆ. ಲಾರಿ ನೀಲಿ ಹೊಗೆ ಬಿಡುತ್ತದೆ. ಘಾಟಿಯಲ್ಲಿ ಎಳೆಯುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಮೇಲೆ ಹೇಳಿದ ಮೆಟ್ಟಿಲನ್ನು ತೆಗೆಯದೆ ಹೊಸ ರಿಂಗ್ ಹಾಕಿದರೆ ರಿಂಗಿನ ಚೂಪು ಅಂಚು ಅದಕ್ಕೆ ಬಡಿಯುತ್ತದೆ. ರಿಂಗ್ ಮುರಿಯಬಹುದು. ಮುರಿದ ಚೂರು ಬೋರನ್ನು ಗೀರುತ್ತದೆ.

ಯಾವುದನ್ನು ಉಳಿಸಬಹುದು?

ಕ್ರ್ಯಾಂಕ್ ಶಾಫ್ಟ್: ಇದು ಬೆಲೆಬಾಳುವ ಸಾಮಾನು. ಬಿರುಕು ಇಲ್ಲದಿದ್ದರೆ ಉಳಿಸಬಹುದು. ಸವೆದಿದ್ದರೆ ಅದನ್ನು ಉಜ್ಜಿ ಸಣ್ಣ ಮಾಡುತ್ತಾರೆ. 0.25, ಆಮೇಲೆ 0.50, ಹೀಗೆ ಹಂತ ಹಂತವಾಗಿ. ಎಷ್ಟು ಸಣ್ಣ ಮಾಡಿದ್ದಾರೋ ಅದಕ್ಕೆ ಹೊಂದುವ, ದಪ್ಪ ಹೆಚ್ಚಿರುವ ಬೇರಿಂಗ್ ಹಾಕಬೇಕು. ಕಂಪೆನಿ ಹೇಳಿದ ಮಿತಿ ದಾಟಿ ಉಜ್ಜಬಾರದು. ಉಜ್ಜಿದ ಮೇಲೆ ಆಯಿಲ್ ತೂತುಗಳನ್ನು ಚೊಕ್ಕ ಮಾಡಬೇಕು. ಲೋಹದ ಪುಡಿ ಉಳಿದರೆ ಹೊಸ ಬೇರಿಂಗ್ ಹಾಳು.

ಬ್ಲಾಕ್ ಮತ್ತು ಹೆಡ್: ಬಿರುಕು ಇಲ್ಲದೆ ಮಟ್ಟಸವಾಗಿದ್ದರೆ ಉಳಿಸಬಹುದು. ಲೈನರ್ ಇರುವ ಎಂಜಿನ್ ಆದರೆ ಲೈನರ್ ಮಾತ್ರ ಬದಲಿಸಬಹುದು.

ವಾಲ್ವ್: ಅಂಚು ದಪ್ಪ ಇದ್ದರೆ, ಕಾಲು ನೆಟ್ಟಗಿದ್ದರೆ, ಉಜ್ಜಿ ಕೂರಿಸಬಹುದು.

ಪಿಸ್ಟನ್: ರಿಂಗ್ ಕೂರುವ ಗಾಡಿ ಸವೆದಿಲ್ಲ, ಮೈಯಲ್ಲಿ ಗೀರಿಲ್ಲ, ಅಳತೆ ಸರಿ ಉಂಟು ಎಂದಾದರೆ ಮಾತ್ರ ಉಳಿಸಬಹುದು.

ಯಾವುದನ್ನು ಬಿಡಬೇಕು?

ಹಳೆ ರಿಂಗ್ ಮತ್ತೆ ಹಾಕಬೇಡಿ. ಹಳೆ ಹೆಡ್ ಗ್ಯಾಸ್ಕೆಟ್ ಬೇಡ. ಹಳೆ ಆಯಿಲ್ ಸೀಲ್ ಬೇಡ. ಕನೆಕ್ಟಿಂಗ್ ರಾಡಿನ ಬೋಲ್ಟ್ ಎಳೆದು ಎಳೆದು ಉದ್ದ ಆಗಿರಬಹುದು. ಅದನ್ನೂ ಬದಲಿಸುವುದು ಒಳ್ಳೆಯದು.

ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿ. ತಾಮ್ರದ ಬಣ್ಣ ಕಂಡರೆ ಮೇಲಿನ ಪದರ ಹೋಗಿದೆ. ಅದನ್ನು ಬಿಡಿ. "ಒಳಗೆ ಕಾಗದ ಇಟ್ಟು ಬಿಗಿ ಮಾಡುವ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಗದ ಬಿಸಿಯನ್ನು ದಾಟಿಸುವುದಿಲ್ಲ. ಬೇರಿಂಗ್ ಕರಗುತ್ತದೆ. ಎಂಜಿನ್ ಜಾಮ್ ಆಗುತ್ತದೆ.

ಘಾಟಿ ಇಳಿಯುವಾಗ ಹಾಗಾದರೆ ಜೀವಕ್ಕೇ ಅಪಾಯ. ಗಾಳಿ ಬ್ರೇಕ್ ಇರುವ ಲಾರಿಯಲ್ಲಿ ಗಾಳಿ ತುಂಬುವ ಕಂಪ್ರೆಸರನ್ನು ಎಂಜಿನ್ನೇ ತಿರುಗಿಸುತ್ತದೆ. ಎಂಜಿನ್ ನಿಂತರೆ ಹೊಸ ಗಾಳಿ ಬರುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಗಾಳಿ ಕೆಲವು ಸಲದ ಬ್ರೇಕಿಗೆ ಮಾತ್ರ. ಲಾರಿಯಲ್ಲಿ ಡ್ರೈವರ್ ಇದ್ದಾರೆ, ಕ್ಲೀನರ್ ಇದ್ದಾರೆ. ಎದುರಿನಿಂದ ಬಸ್ಸೂ ಬರುತ್ತದೆ.

ಅಕ್ಷರ ಬಲ್ಲವರ ಕೆಲಸ

ಉಳಿಸುವ ಸಾಮಾನು ಅದರದೇ ಜಾಗಕ್ಕೆ ಹೋಗಬೇಕು. 3ನೇ ಪಿಸ್ಟನ್ 3ನೇ ಬೋರಿಗೆ. 5ನೇ ರಾಡಿನ ಟೋಪಿ 5ನೇ ರಾಡಿಗೆ. ಟ್ಯಾಪೆಟ್, ಪುಶ್ ರಾಡ್ ಕೂಡ ಹಾಗೇ. ಅವು ಜೊತೆಜೊತೆಯಾಗಿ ಸವೆದು ಹೊಂದಿಕೊಂಡಿವೆ. ಬೆರಕೆ ಮಾಡಿದರೆ ಹೊಂದುವುದಿಲ್ಲ. ಆದ್ದರಿಂದ ಬಿಚ್ಚುವಾಗಲೇ 1ರಿಂದ 6ರವರೆಗೆ ಚೀಟಿ ಬರೆದು ಕಟ್ಟಿ.

ಹೊಸ ಬೇರಿಂಗಿನ ಬೆನ್ನನ್ನು ಓದಿ. ಅಲ್ಲಿ ಅಳತೆ ಒತ್ತಿರುತ್ತದೆ. ಎಸ್.ಟಿ.ಡಿ. ಎಂದಿದ್ದರೆ ಅದು ಮೂಲ ಅಳತೆ. 0.25 ಎಂದಿದ್ದರೆ ಒಂದು ಸಲ ಉಜ್ಜಿದ ಕ್ರ್ಯಾಂಕಿಗೆ. ಇಂಚಿನ ಲೆಕ್ಕದಲ್ಲಿ ಇದನ್ನೇ 010 ಎಂದು ಬರೆಯುವುದೂ ಉಂಟು. ಲೇತಿನವರು ಕೊಟ್ಟ ಚೀಟಿಯಲ್ಲಿ 0.50 ಇದ್ದು, ಅಂಗಡಿಯವರು 0.25 ಕೊಟ್ಟರೆ? ಅಲ್ಲೇ ಹಿಂದೆ ಕೊಡಿ. ಎಂಜಿನ್ ಕೂಡಿಸಿದ ಮೇಲೆ ಗೊತ್ತಾದರೆ ಕೂಲಿಯೂ ಹೋಯಿತು, ದಿನವೂ ಹೋಯಿತು.

ಬಿಲ್ಲನ್ನೂ ಹೀಗೆಯೇ ಓದಿ. "ಎಂಜಿನ್ ಸಾಮಾನು" ಎಂದು ಒಂದೇ ಸಾಲು ಇದ್ದರೆ ಕೇಳಿ. ಯಾವ ಸಾಮಾನು, ಎಷ್ಟು, ಯಾವ ಅಳತೆ ಅಂತ ಬೇರೆ ಬೇರೆ ಬರೆಸಿ. ಬದಲಿಸಿದ ಹಳೆ ಸಾಮಾನನ್ನು ಕೇಳಿ ಪಡೆಯಿರಿ. ಕ್ರ್ಯಾಂಕಿನ ಅಳತೆಯನ್ನು ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಮುಂದಿನ ಸಲ ಎಂಜಿನ್ ಬಿಚ್ಚುವಾಗ ಅದು ಉಪಯೋಗಕ್ಕೆ ಬರುತ್ತದೆ.

ನೆನಪಿಡೋಣ

ಹಳೆಯದೆಲ್ಲ ಕೆಟ್ಟದ್ದಲ್ಲ. ಹೊಳೆಯುವುದೆಲ್ಲ ಒಳ್ಳೆಯದಲ್ಲ. ಕಣ್ಣಂದಾಜು ಸಾಲದು. ಅಳೆದು ನೋಡಿ, ಬರೆದಿಟ್ಟು, ಆಮೇಲೆ ತೀರ್ಮಾನ ಮಾಡೋಣ.

ಅಭ್ಯಾಸ

1. ಓದಿ, ಬರೆಯಿರಿ: ಬೋರು, ರಿಂಗ್, ಬೇರಿಂಗ್, ಅಳತೆ, ಸವೆತ.
2. ಬೋರಿನ ಯಾವ ಭಾಗ ಹೆಚ್ಚು ಸವೆಯುತ್ತದೆ? ಯಾಕೆ?
3. ಬೋರು 0.10 ಸವೆದರೆ ರಿಂಗಿನ ಸಂದು ಎಷ್ಟು ಹೆಚ್ಚುತ್ತದೆ? ಲೆಕ್ಕ ಮಾಡಿ.
4. ಮತ್ತೆ ಹಾಕಬಾರದ ಮೂರು ಸಾಮಾನುಗಳ ಹೆಸರು ಬರೆಯಿರಿ.
5. ನಿಮ್ಮ ಮನೆಗೆ ಬಂದ ಒಂದು ಬಿಲ್ಲನ್ನು ತರಗತಿಗೆ ತನ್ನಿ. ಎಲ್ಲರೂ ಸೇರಿ ಓದೋಣ.