ಸೋರುವ ವಾಟರ್ ಪಂಪು, ಬಿಚ್ಚುವ ಕೂಲಿ

ಕಾರಿನ ವಾಟರ್ ಪಂಪ್ ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ಗ್ಯಾರೇಜಿನವರು ಕೇಳುವ ಪ್ರಶ್ನೆ: ‘ಕಿಟ್ ಹಾಕೋಣ್ವಾ ಸಾರ್, ಹೊಸದೇ ಹಾಕೋಣ್ವಾ?’ ಕಿಟ್ ಎಂದರೆ ಹಳೆಯ ಪಂಪಿನ ಮೈ ಉಳಿಸಿಕೊಂಡು ಒಳಗಿನ ಸೀಲ್, ಬೇರಿಂಗ್ ಮಾತ್ರ ಬದಲಿಸುವುದು. ಮಿಕ್ಸಿಯಿಂದ ಚಪ್ಪಲಿವರೆಗೆ ರಿಪೇರಿ ಮಾಡಿಸಿಕೊಂಡೇ ಬಳಸುವ ಮನೆ ನಮ್ಮದು. ಹಾಗಿದ್ದೂ ಇದೊಂದರಲ್ಲಿ ಹೊಸದನ್ನೇ ಹಾಕಿಸಿ ಎನ್ನುತ್ತೇನೆ.

ಲೆಕ್ಕ ಕೊಡುತ್ತೇನೆ. ನಮ್ಮ ಡೀಸೆಲ್ ಕಾರಿನಲ್ಲಿ ಟೈಮಿಂಗ್ ಬೆಲ್ಟೇ ಪಂಪನ್ನೂ ತಿರುಗಿಸುತ್ತದೆ. ಹಾಗಾಗಿ ಪಂಪಿಗೆ ಕೈ ತಾಗಬೇಕಾದರೆ ಎಂಜಿನ್ನಿನ ಒಂದು ಮಗ್ಗುಲನ್ನೇ ಬಿಚ್ಚಬೇಕು. ಬಿಚ್ಚಿ ಕಟ್ಟುವ ಲೇಬರ್ 2,500 ರೂಪಾಯಿ, ಮತ್ತೆ ತುಂಬುವ ಕೂಲಂಟ್ 1,100. ಯಾವುದನ್ನೇ ಹಾಕಿಸಿದರೂ ಈ 3,600 ತಪ್ಪಿದ್ದಲ್ಲ. ಇನ್ನು ಕಿಟ್ಟು, ಅದನ್ನು ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸುವ ಖರ್ಚು ಸೇರಿ 1,000. ಕಂಪನಿಯ ಹೊಸ ಪಂಪಿಗೆ 3,200. ಅಂದರೆ ಕಿಟ್ ಹಾಕಿಸಿದರೆ ಉಳಿಯುವುದು 2,200. ಆ ಪಂಪ್ ಒಂದೇ ಒಂದು ಸಲ ಮತ್ತೆ ಸೋರಿದರೂ ಬಿಚ್ಚುವುದಕ್ಕೇ ಇನ್ನೊಮ್ಮೆ 3,600 ಹೋಗುತ್ತದೆ. ಆಮೇಲೆ ಹೊಸ ಪಂಪನ್ನೂ ಕೊಳ್ಳಬೇಕಾಗುತ್ತದೆ.

ಬೆಲ್ಟನ್ನೂ ಆಗಲೇ ಬದಲಿಸಿದೆವು. ಅದಕ್ಕಿನ್ನೂ ಸಾವಿರಾರು ಕಿಲೋಮೀಟರ್ ಬಾಳಿಕೆ ಇತ್ತು, ನಿಜ. ಆದರೆ ಸೋರಿದ ಕೂಲಂಟ್ ತಾಗಿದ ಬೆಲ್ಟನ್ನು ನಂಬುವಂತಿಲ್ಲ. ಟೆನ್ಷನರ್ ಸಮೇತ 4,300 ಕೊಟ್ಟರೆ, ಮುಂದೆ ಬೆಲ್ಟಿಗೋಸ್ಕರ ತೆರಬೇಕಿದ್ದ ಇನ್ನೊಂದು ಲೇಬರ್ ಉಳಿಯುತ್ತದೆ. ಒಟ್ಟು 11,100 ರೂಪಾಯಿ ಆಯಿತು. ತಿಂಗಳ ಸಂಬಳದವರಿಗೆ ಇದು ಸಣ್ಣ ಮೊತ್ತವಲ್ಲ. ಆದರೂ ಕೊಟ್ಟಿದ್ದಕ್ಕೆ ನನಗೆ ಸಮಾಧಾನವಿದೆ.

ಕಳಚಿದ ಪಂಪನ್ನು ಮೆಕ್ಯಾನಿಕ್ ನನ್ನ ಕೈಗೇ ಕೊಟ್ಟರು. ಅದರ ಹೊಟ್ಟೆಯ ಕೆಳಗೆ ಅಕ್ಕಿಕಾಳು ಹಿಡಿಸುವಷ್ಟು ಒಂದು ತೂತು, ತೂತಿನಿಂದ ಕೆಳಕ್ಕೆ ಒಣಗಿ ಗಟ್ಟಿಯಾದ ಹಸಿರು ಗೆರೆ. ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಹರಿಯಲಿ ಎಂದೇ ಇಟ್ಟಿರುವ ತೂತು ಅದು. ಅಲ್ಲಿ ಹನಿ ಕಂಡರೆ ಸೀಲಿನ ಆಯಸ್ಸು ಮುಗಿಯಿತೆಂದೇ ಅರ್ಥ; ಎಂಸೀಲ್ ಮೆತ್ತಿ ಅದನ್ನು ಮುಚ್ಚಿದರೆ ನೀರು ಬೇರಿಂಗಿನ ದಾರಿ ಹಿಡಿಯುತ್ತದೆ. ಮೆಕ್ಯಾನಿಕ್ ಶಾಫ್ಟನ್ನು ಹಿಡಿದು ಅಲುಗಾಡಿಸಿದರು. ಟಕಟಕ ಸದ್ದು ಬಂತು. ಆ ಬೇರಿಂಗ್ ಓಡುವಾಗಲೇ ಜಾಮ್ ಆಗಿದ್ದರೆ ಬೆಲ್ಟ್ ಕಿತ್ತು, ವಾಲ್ವುಗಳು ಪಿಸ್ಟನ್ನಿಗೆ ಬಡಿದು, ಎಂಜಿನ್ ಕೆಲಸವೇ ಬರುತ್ತಿತ್ತು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಷಡ್ಡಕರ ಕಾರೇ ಉದಾಹರಣೆ. ವಾರಕ್ಕೊಮ್ಮೆ ಬಾಟಲಿ ನೀರು ಸುರಿದುಕೊಂಡು ಓಡಿಸುತ್ತಿದ್ದವರು ಶಿರಾಡಿ ಘಾಟಿ ಹತ್ತುವಾಗ ನಿಂತುಬಿಟ್ಟರು. ಅಲ್ಯೂಮಿನಿಯಂ ಹೆಡ್ಡು ಕಾವಿಗೆ ಸೊಟ್ಟಗಾಗಿ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಇಳಿಸಿ ಫೇಸಿಂಗ್ ಮಾಡಿಸಿ ಕಟ್ಟಿದ್ದು, ಟೋಯಿಂಗ್ ಎಲ್ಲ ಸೇರಿ 38,000. ಇನ್ಶೂರೆನ್ಸಿನಿಂದ ಬಿಡಿಗಾಸೂ ಬರಲಿಲ್ಲ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸವೆತಕ್ಕಾಗಲಿ, ತಾನಾಗಿ ಕೆಟ್ಟ ಯಂತ್ರಕ್ಕಾಗಲಿ ಪರಿಹಾರವಿಲ್ಲ. ‘ಟೆಂಪರೇಚರ್ ಮುಳ್ಳು ಮೇಲೆ ಹೋಗಲೇ ಇಲ್ಲ’ ಎಂದು ಅವರು ಹೇಳಿದ್ದೂ ಸುಳ್ಳಿರಲಾರದು. ಕೂಲಂಟ್ ಪೂರ್ತಿ ಇಳಿದರೆ ಸೆನ್ಸರ್ ನೀರಿನಿಂದ ಹೊರಗೆ ಉಳಿದು, ಮುಳ್ಳು ಸರಿಯಾಗಿ ತೋರಿಸದೇ ಇರಬಹುದು.

ಆದರೆ ಒಂದು ಮಾತು. ಕಾರಿನ ಕೆಳಗೆ ಹನಿ ಕಂಡಿತೆಂದು ಪಂಪೇ ಹೋಗಿದೆ ಎಂದುಕೊಳ್ಳಬೇಡಿ. ಎಷ್ಟೋ ಸಲ ಸಡಿಲವಾದ ಹೋಸ್ ಕ್ಲಿಪ್ಪು, ಬಿರುಕು ಬಿಟ್ಟ ಹೋಸು, ಸವೆದ ರೇಡಿಯೇಟರ್ ಮುಚ್ಚಳ ಕಾರಣವಾಗಿರುತ್ತವೆ. ನೂರಾರು ರೂಪಾಯಿಯಲ್ಲೇ ಮುಗಿಯುವ ಕೆಲಸಗಳಿವು. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಕೈಪಂಪ್ ಜೋಡಿಸಿ ಪ್ರೆಷರ್ ಏರಿಸಿದರೆ ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಆ ಪರೀಕ್ಷೆ ಮಾಡದೆ ಪಂಪ್ ಬಿಚ್ಚಲು ಒಪ್ಪಬೇಡಿ. ಪಂಪ್ ಹೊರಗಿನ ಫ್ಯಾನ್ ಬೆಲ್ಟಿನಲ್ಲಿ ತಿರುಗುವ, ಸುಲಭವಾಗಿ ಕೈಗೆ ಸಿಗುವ ಹಳೆಯ ಗಾಡಿಗಳಲ್ಲಿ ಕಿಟ್ ಹಾಕಿಸುವುದೂ ತಪ್ಪಲ್ಲ. ಅಲ್ಲಿ ಲೇಬರ್ ಕಡಿಮೆ, ಮತ್ತೆ ಬಿಚ್ಚಬೇಕಾದರೂ ನಷ್ಟ ಚಿಕ್ಕದು.

ಹಳೆಯ ಡ್ರೈವರುಗಳು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುತ್ತಿದ್ದರು. ರೇಡಿಯೇಟರಿನ ಸೂಜಿಮೊನೆಯಷ್ಟು ತೂತಿಗೆ ಊರು ಸೇರುವವರೆಗೆ ಅದು ಆಗುತ್ತಿತ್ತು. ತಿರುಗುವ ಶಾಫ್ಟಿನ ಸೀಲಿಗೆ ಅರಿಶಿನವೂ ಆಗದು, ಅಂಗಡಿಯ ಲೀಕ್ ಸ್ಟಾಪೂ ಆಗದು. ಹೀಟರಿನ ಸಣ್ಣ ನಾಳಗಳು ಕಟ್ಟಿಕೊಂಡಾವು. ಬೋರ್‌ವೆಲ್ ನೀರನ್ನಂತೂ ಸುರಿಯಲೇಬೇಡಿ. ನಮ್ಮ ಬಯಲುಸೀಮೆಯ ಗಡಸು ನೀರು ಒಳಗೆ ಪಾಚಿಗಟ್ಟಿದ ಹಾಗೆ ಬಿಳಿ ಪದರ ಕಟ್ಟುತ್ತದೆ, ಆ ಕಣಗಳೇ ಹೊಸ ಸೀಲನ್ನು ಗೀರುತ್ತವೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟನ್ನೇ ಹಾಕಿಸಿ. ಕೂಲಂಟ್ ನೆಲಕ್ಕೆ ಚೆಲ್ಲಿದ್ದರೆ ತೊಳೆದುಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಪಂಪನ್ನು ನೀವೇ ಕೊಂಡು ತಂದರೆ ಅಷ್ಟಿಷ್ಟು ಉಳಿಯಬಹುದು. ಆದರೆ ಹಾಗೆ ತಂದ ಪಂಪ್ ಸೋರಿದರೆ ಮೆಕ್ಯಾನಿಕ್ ಲೇಬರಿಗೆ ಹೊಣೆಯಾಗುವುದಿಲ್ಲ. ನಾನು ಗ್ಯಾರೇಜಿನವರ ಕೈಯಲ್ಲೇ ತರಿಸಿದೆ. ಬಿಲ್ ಬೇಡವೆಂದರೆ ಕಡಿಮೆಗೆ ಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ, ಒಪ್ಪಬೇಡಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ.

ಹಳೆಯ ಕಾರಿಟ್ಟುಕೊಂಡವರು ತಿಂಗಳಿಗೆ ಒಂದು ಸಾವಿರವನ್ನು ಅದರ ಹೆಸರಿನಲ್ಲಿ ಆರ್.ಡಿ. ಕಟ್ಟಿ. ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲಂಟ್ ಡಬ್ಬಿಯ ಎರಡು ಗೆರೆಗಳನ್ನು ನೋಡಿ. ಬಿಸಿಯಿದ್ದಾಗ ಮಾತ್ರ ಮುಚ್ಚಳ ತಿರುಗಿಸಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ. ತುಂಬಿಸಿದ ಮೇಲೂ ಮಟ್ಟ ಮತ್ತೆ ಇಳಿದಿದ್ದರೆ, ಘಾಟಿಯ ಪ್ರಯಾಣ ಮುಂದಕ್ಕೆ ಹಾಕಿ ಮೊದಲು ಗ್ಯಾರೇಜಿಗೆ ಹೋಗಿ.